ಮುಖ ಕಾಣದವರ ಸೂತಕ

ಸಾವಿನ ಲೆಕ್ಕಾಚಾರದಲ್ಲಿ ನಮ್ಮವರಷ್ಟು ಶಿಸ್ತಿನವರು ಸಿಗುವುದು ಕಷ್ಟ. ಯಾರು ಸತ್ತರೆ ಯಾರಿಗೆ ಎಷ್ಟು ದಿನ ಸೂತಕ ಎಂಬುದಕ್ಕೆ ಪಟ್ಟಿಯೇ ಇದೆ. ದಾಯಾದಿಯಾದರೆ ಹತ್ತು ದಿನ, ಸ್ವಲ್ಪ ದೂರದವನಾದರೆ ಮೂರು ದಿನ, ಇನ್ನೂ ದೂರವಾದರೆ ಸುದ್ದಿ ಕೇಳಿದೊಡನೆ ಒಂದು ಸ್ನಾನ. ಆಸ್ತಿ ಜಗಳದಲ್ಲಿ ಮಾತು ಬಿಟ್ಟ ದೊಡ್ಡಪ್ಪನ ಮಗ ತೀರಿಕೊಂಡರೂ ಮನೆಯಲ್ಲಿ ಹಬ್ಬ ನಿಲ್ಲುತ್ತದೆ. ಕಚೇರಿಗಳ ರಜೆಯ ನಿಯಮಗಳೂ ಈ ಪಟ್ಟಿಯನ್ನೇ ಮೊಟಕುಗೊಳಿಸಿ ಇಟ್ಟುಕೊಂಡಿವೆ: ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು. ದುಃಖವನ್ನು ನೆಂಟಸ್ತಿಕೆಯಿಂದ ಅಳೆಯುವ ಈ ವ್ಯವಸ್ಥೆಯಲ್ಲಿ ಒಂದು ಜಾಣತನವೂ ಇದೆ. ಅಳು ಬಾರದವನಿಗೂ ಅದು ಮಾಡಲು ಒಂದು ಕೆಲಸ ಕೊಡುತ್ತದೆ. ಅಳು ಬಂದವನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಅವನ ಪಾಲಿಗೆ ಅಲ್ಲಿ ಏನೂ ಇಲ್ಲ.

ಹಾಗೆ ಹೊರಗುಳಿದವರ ಸಾಲಿಗೆ ಈಚಿನ ದಶಕಗಳಲ್ಲಿ ಹೊಸದೊಂದು ಪಂಗಡ ಸೇರಿಕೊಂಡಿದೆ. ಒಬ್ಬ ಗಾಯಕಿಯ, ಒಂದು ಕಾದಂಬರಿ ಸರಣಿಯ, ಒಬ್ಬ ಬೌಲರನ, ಒಂದು ಆಟದ ಅಭಿಮಾನಿಗಳು ಅಂತರ್ಜಾಲದಲ್ಲಿ ಕೂಡಿಕೊಳ್ಳುತ್ತಾರೆ. ಅಲ್ಲಿ ವರ್ಷಗಟ್ಟಲೆ ದಿನವೂ ಮಾತಿಗೆ ಸಿಗುವ ಒಬ್ಬರಿರುತ್ತಾರೆ. ಒಂದು ದಿನ ಅವರ ಉತ್ತರ ನಿಲ್ಲುತ್ತದೆ. ಊರಿಗೆ ಹೋಗಿರಬೇಕು, ಫೋನು ಕೆಟ್ಟಿರಬೇಕು ಎಂದುಕೊಳ್ಳುತ್ತಿರುವಾಗ ಎಲ್ಲಿಂದಲೋ ಸುದ್ದಿ ಬರುತ್ತದೆ. ಮುಖ ಸಪ್ಪಗಾದದ್ದು ಕಂಡು ಮನೆಯವರು ಕೇಳುತ್ತಾರೆ, ಯಾರು ಹೋದದ್ದು? ಹಳೇ ಹಾಡಿನ ಗ್ರೂಪಿನವರೊಬ್ಬರು. ಅವರನ್ನ ನೋಡಿದ್ದೀಯಾ? ಇಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ, ಊಟಕ್ಕೆ ಕರೆ ಬರುತ್ತದೆ. ಸಮಾಜದ ಮಾನ್ಯತೆ ಸಿಗದ ಇಂಥ ಶೋಕದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಷ್ಟು ಹಿಂದೆಯೇ ಒಂದು ಪುಸ್ತಕ ಸಂಪಾದಿಸಿದ್ದರು. ಆಗ ಅವರ ಮನಸ್ಸಿನಲ್ಲಿ ಇದ್ದದ್ದು ಮದುವೆಯಾಗದ ಸಂಗಾತಿಗಳು, ಮಾಜಿ ಪತ್ನಿಯರು ಮುಂತಾದವರು. ಅಂತರ್ಜಾಲದ ಗೆಳೆಯರು ಆ ಸಾಲಿಗೆ ಆಮೇಲೆ ಬಂದವರು.

ನಾನು ಇಲ್ಲಿ ಎರಡು ಮಾತನ್ನು ಒಟ್ಟಿಗೆ ಹೇಳಬೇಕೆಂದಿದ್ದೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಸುಳ್ಳಾಗುತ್ತದೆ. ಇಂಥ ಗೆಳೆಯನ ಸಾವಿಗೆ ಪಡುವ ದುಃಖ ಯಾವ ಲೆಕ್ಕದಲ್ಲೂ ಅರೆ ದುಃಖವಲ್ಲ. ಹಾಗೆಯೇ, ಅವನ ಬಗ್ಗೆ ನಮಗೆ ಗೊತ್ತಿರುವುದು ಒಂದು ಪಾಲು ಮಾತ್ರ. ಆ ಪಾಲನ್ನು ಕಡಿಮೆ ಮಾಡದೆ, ಉಬ್ಬಿಸದೆ ಕಾಪಾಡುವುದು, ಸಾಧ್ಯವಾದರೆ ಉಳಿದ ಪಾಲು ಯಾರ ಬಳಿ ಇದೆಯೋ ಅವರಿಗೆ ತಲುಪಿಸುವುದು ನಮ್ಮ ಮೇಲಿರುವ ಋಣ.

ನಾರ್ವೆಯ ಒಂದು ಕುಟುಂಬದ ಕಥೆಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಮ್ಯಾಟ್ಸ್ ಸ್ಟೀನ್ 1989ರಲ್ಲಿ ಹುಟ್ಟಿದವನು. ಅವನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇತ್ತು. ಮಾಂಸಖಂಡಗಳು ಒಂದೊಂದಾಗಿ ಬಲ ಕಳೆದುಕೊಳ್ಳುವ ಆನುವಂಶಿಕ ಕಾಯಿಲೆ ಅದು, ಹೆಚ್ಚಾಗಿ ಗಂಡುಮಕ್ಕಳಿಗೇ ಬರುವಂಥದ್ದು. ಬಾಲ್ಯದಲ್ಲೇ ಗಾಲಿಕುರ್ಚಿ, ಮುಂದೆ ಉಸಿರಾಟಕ್ಕೂ ಯಂತ್ರ. ಎಚ್ಚರವಿದ್ದ ಹೊತ್ತಿನ ಬಹುಪಾಲನ್ನು ಅವನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ ಕಳೆಯುತ್ತಿದ್ದ. ಅಲ್ಲಿ ಅವನ ಹೆಸರು ಇಬೆಲಿನ್. ಗಟ್ಟಿಮುಟ್ಟು ಮೈಯ, ಓಡಾಡುವ, ಪತ್ತೇದಾರಿ ಮಾಡುವ, ಹುಡುಗಿಯರೊಡನೆ ಸರಸವಾಡುವ ಇಬೆಲಿನ್. ಅಪ್ಪ ಅಮ್ಮನ ಕಣ್ಣಿಗೆ ಬೀಳುತ್ತಿದ್ದುದು ಪರದೆ ನೋಡುತ್ತ ಕೂತ ಮಗನ ಬೆನ್ನು. 2014ರ ನವೆಂಬರ್‌ನಲ್ಲಿ 25 ವರ್ಷದ ಮ್ಯಾಟ್ಸ್ ತೀರಿಕೊಂಡಾಗ ಅವರನ್ನು ಸಾವಿನಷ್ಟೇ ಕಾಡಿದ್ದು ಇನ್ನೊಂದು ಸಂಗತಿ: ಮಗನಿಗೆ ಗೆಳೆತನ, ಪ್ರೀತಿ ಏನೂ ದಕ್ಕಲಿಲ್ಲ, ಯಾರ ಬದುಕಿಗೂ ಅವನಿಂದ ವ್ಯತ್ಯಾಸವಾಗಲಿಲ್ಲ.

ಮಗ ಬರೆಯುತ್ತಿದ್ದ ಬ್ಲಾಗಿನ ಪಾಸ್‌ವರ್ಡ್ ತಂದೆ ರಾಬರ್ಟ್ ಸ್ಟೀನ್ ಬಳಿ ಇತ್ತು. ಅವರು ಅಲ್ಲಿ ಸಾವಿನ ಸುದ್ದಿ ಬರೆದು ಕೆಳಗೆ ತಮ್ಮ ಇಮೇಲ್ ವಿಳಾಸ ಹಾಕಿದರು. ಯಾರಿಗಾದರೂ ತಿಳಿಯಲಿ ಎಂದಷ್ಟೇ. ಪತ್ರಗಳು ಬರತೊಡಗಿದವು, ನಿಲ್ಲಲಿಲ್ಲ. ಮ್ಯಾಟ್ಸ್ ‘ಸ್ಟಾರ್‌ಲೈಟ್’ ಎಂಬ ಆಟಗಾರರ ತಂಡದಲ್ಲಿದ್ದ. ನೆದರ್ಲ್ಯಾಂಡ್ಸ್‌ನ ಹುಡುಗಿಯೊಬ್ಬಳ ಕಂಪ್ಯೂಟರನ್ನು ಅವಳ ತಂದೆತಾಯಿ ಕಿತ್ತಿಟ್ಟುಕೊಂಡಾಗ, ಆಟದಲ್ಲಿ ಅವಳಿಗಿದ್ದ ಗೆಳೆತನದ ಬೆಲೆ ಏನೆಂದು ವಿವರಿಸಿ ಅವರಿಗೇ ಪತ್ರ ಬರೆದವನು ಅವನು. ಡೆನ್ಮಾರ್ಕಿನ ತಾಯಿಯೊಬ್ಬಳಿಗೂ ಮಗನಿಗೂ ನಡುವೆ ಮಾತು ಕಷ್ಟವಾದಾಗ, ಆಟದೊಳಗೇ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದರಿಂದ ಶುರುಮಾಡಿ ಎಂದು ದಾರಿ ತೋರಿಸಿದವನೂ ಅವನೇ. ಅಂತ್ಯಕ್ರಿಯೆಗೆ ಬೇರೆ ಬೇರೆ ದೇಶಗಳಿಂದ ಆ ತಂಡದವರು ಬಂದರು. ತಮ್ಮ ಗೆಳೆಯ ಹೇಗಿದ್ದ ಎಂಬುದು ಅವರಿಗೆ ಬಹುಕಾಲ ಸರಿಯಾಗಿ ಗೊತ್ತಿರಲಿಲ್ಲ. ಕಾಯಿಲೆಯ ವಿಷಯವನ್ನು ಅವನು ವರ್ಷಗಳ ಕಾಲ ಮುಚ್ಚಿಟ್ಟಿದ್ದ. ಮುಂದೆ ಬೆಂಜಮಿನ್ ರೀ ಈ ಕಥೆಯನ್ನು ಸಾಕ್ಷ್ಯಚಿತ್ರ ಮಾಡಿದರು. 2024ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೆರೆಕಂಡ ಅದು ಆಮೇಲೆ ನೆಟ್‌ಫ್ಲಿಕ್ಸ್‌ಗೂ ಬಂತು. ಅದರಲ್ಲಿ ಅವನ ಆಟದ ಬದುಕನ್ನು ಮತ್ತೆ ಕಟ್ಟಿದ್ದು ಉಳಿದುಕೊಂಡಿದ್ದ ಸಾವಿರಾರು ಪುಟಗಳ ಸಂಭಾಷಣೆಯ ದಾಖಲೆಯಿಂದ.

ಈ ಕಥೆ ಹೇಳಿದಾಗ ಕೇಳುವವರು ಸಾಮಾನ್ಯವಾಗಿ ಹುಡುಗನ ಸಾಹಸಕ್ಕೆ ಬೆರಗಾಗುತ್ತಾರೆ. ನನಗೆ ಮುಖ್ಯವಾಗಿ ಕಂಡಿದ್ದು ಲೆಕ್ಕ ತಪ್ಪಿದ ರೀತಿ. ದಿನವೂ ಅವನನ್ನು ಎತ್ತಿ ಮಲಗಿಸುತ್ತಿದ್ದವರಿಗೆ ಅವನ ಗೆಳೆತನದ ಶಕ್ತಿ ಗೊತ್ತಿರಲಿಲ್ಲ. ಅವನ ಗೆಳೆತನವನ್ನೇ ಉಂಡವರಿಗೆ ಅವನ ಮೈ ಗೊತ್ತಿರಲಿಲ್ಲ. ಇಬ್ಬರ ಬಳಿಯೂ ಇದ್ದದ್ದು ಅರ್ಧ. ಕಣ್ಣೆದುರು ಇದ್ದವರದೇ ಪೂರ್ಣ ಪರಿಚಯ ಎಂದು ಯಾವ ಆಧಾರದ ಮೇಲೆ ಹೇಳುವುದು?

ಮುಖವನ್ನೇ ನೋಡದೆ ಗೆಳೆತನವೆಂದರೆ ಏನು ಎನ್ನುವವರಿಗೆ ಪಕ್ಕದ ತಮಿಳು ನಾಡಿನ ಹಳೆಯ ಉದಾಹರಣೆಯೊಂದಿದೆ. ಸಂಗಂ ಕಾಲದ ‘ಪುರನಾನೂರು’ ಸಂಕಲನದಲ್ಲಿ ಕೋಪ್ಪೆರುಂಚೋಳನ್ ಎಂಬ ಚೋಳ ರಾಜ ಮತ್ತು ಪಾಂಡ್ಯ ನಾಡಿನ ಪಿಸಿರಾಂದೈಯಾರ್ ಎಂಬ ಕವಿಯ ಪ್ರಸಂಗ ಬರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಕೇಳಿ ಬಲ್ಲವರು, ಅಷ್ಟರಲ್ಲೇ ಆಪ್ತರು. ಮಕ್ಕಳೊಡನೆ ವಿರಸ ಬಂದು ರಾಜ ಉತ್ತರಕ್ಕೆ ಮುಖಮಾಡಿ ಸಾಯುವವರೆಗೆ ಉಪವಾಸ ಕೂತಾಗ, ನನ್ನ ಗೆಳೆಯ ಬರುತ್ತಾನೆ, ಅವನಿಗೊಂದು ಜಾಗ ಬಿಡಿ ಎಂದನಂತೆ. ಸುತ್ತ ಇದ್ದವರು ನಂಬಲಿಲ್ಲ. ಕವಿ ಬಂದ, ಆ ಜಾಗದಲ್ಲೇ ಕೂತು ಪ್ರಾಣ ಬಿಟ್ಟ. ನಮ್ಮ ಕಥೆಗಳೂ ಇದಕ್ಕೆ ಹೊರತಲ್ಲ. ದಮಯಂತಿ ನಳನಿಗೆ ಒಲಿದದ್ದು ಹಂಸದ ಮಾತು ಕೇಳಿ. ಮೋಳಿಗೆ ಮಾರಯ್ಯ ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದದ್ದು ಬಸವಣ್ಣನ ಕೀರ್ತಿ ಕೇಳಿ ಎನ್ನುತ್ತದೆ ಶರಣರ ಐತಿಹ್ಯ. ಕೇಳಿ ಒಲಿಯುವುದು ನಮಗೆ ವಿಚಿತ್ರವಾಗಿ ಕಂಡದ್ದೇ ಇಲ್ಲ. ಟೈಪು ಮಾಡಿ ಒಲಿಯುವುದು ಮಾತ್ರ ಯಾಕೋ ಹಗುರವಾಗಿ ಕಾಣುತ್ತದೆ.

ಸೂತಕದ ಪಟ್ಟಿ ಬಿಗಿಯಾಗಿದ್ದ ಸಂಪ್ರದಾಯದಲ್ಲೇ ಇನ್ನೊಂದು ಪಟ್ಟಿ ಸಡಿಲವಾಗಿದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಮಹಾಲಯದಲ್ಲಿ ತರ್ಪಣ ಕೊಡುವಾಗ ತಂದೆ, ತಾತ, ಮುತ್ತಾತರ ಸಾಲು ಮುಗಿದ ಮೇಲೆ ಗುರು ಬರುತ್ತಾನೆ, ಮಿತ್ರ ಬರುತ್ತಾನೆ. ಮಿತ್ರನನ್ನು ಎಲ್ಲಿ ಕಂಡಿದ್ದೆ ಎಂದು ಪುರೋಹಿತರು ಕೇಳುವುದಿಲ್ಲ.

ಅಭಿಮಾನದ ವಿಷಯದಲ್ಲಿ ನಮ್ಮ ಸಮಾಜದ ತಕ್ಕಡಿ ಇನ್ನೂ ವಿಚಿತ್ರ. ತಾರೆಯ ಸಾವಿಗೆ ಅಭಿಮಾನಿ ಅಳುವುದಕ್ಕೆ ಪೂರ್ಣ ಮಾನ್ಯತೆ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕಂಠೀರವ ಕ್ರೀಡಾಂಗಣದ ಮುಂದೆ ಸಾಲು ನಿಂತ ಜನಸಾಗರವನ್ನು ಯಾರೂ ಪ್ರಶ್ನಿಸಲಿಲ್ಲ, ಪ್ರಶ್ನಿಸಬೇಕಾಗಿಯೂ ಇರಲಿಲ್ಲ. ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರೆಂದು ಕರೆದ ನಾಡು ಇದು. ಆದರೂ ಲೆಕ್ಕ ಹಾಕಿ ನೋಡಿ. ಆ ಸಾಲಿನಲ್ಲಿ ನಿಂತವನ ಹೆಸರು ತಾರೆಗೆ ಗೊತ್ತಿರಲಿಲ್ಲ. ಹಾರ್ಟನ್ ಮತ್ತು ವೋಲ್ ಎಂಬ ಸಂಶೋಧಕರು 1956ರಲ್ಲಿ ಟೆಲಿವಿಷನ್ ನೋಡುಗರ ಬಗ್ಗೆ ಬರೆದ ಪ್ರಬಂಧದಲ್ಲಿ ಗುರುತಿಸಿದ್ದು ಇದನ್ನೇ: ಒಂದೇ ಕಡೆಯಿಂದ ಹರಿಯುವ ಆಪ್ತತೆ. ಪಕ್ಕದ ಅಭಿಮಾನಿಯೊಡನೆ ಇರುವ ನಂಟು ಅಂಥದ್ದಲ್ಲ. ಅಲ್ಲಿ ಎರಡೂ ಕಡೆಯಿಂದ ಹರಿವು ಇದೆ. ನೀವು ಬರೆದದ್ದಕ್ಕೆ ಆತ ಉತ್ತರ ಕೊಡುತ್ತಾನೆ, ನಿಮ್ಮ ತಪ್ಪು ತಿದ್ದುತ್ತಾನೆ, ನಾಲ್ಕು ದಿನ ಕಾಣದಿದ್ದರೆ ಎಲ್ಲಿ ಹೋಗಿದ್ರಿ ಎಂದು ಕೇಳುತ್ತಾನೆ. ಒಂದು ಕಡೆಯ ಪ್ರೀತಿಗೆ ಕ್ರೀಡಾಂಗಣ ತೆರೆದಿಡುವ ನಾವು ಎರಡು ಕಡೆಯ ಪ್ರೀತಿಗೆ ಒಂದು ಸಾಂತ್ವನದ ಮಾತನ್ನೂ ಇಟ್ಟುಕೊಂಡಿಲ್ಲ.

ಹಿಂದೆಯೂ ಇಟ್ಟುಕೊಂಡಿರಲಿಲ್ಲವೇನೋ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತಮಾಲಾ ಶುರುವಾದ ಮೇಲಿನ ದಶಕಗಳಲ್ಲಿ ಕೋರಿಕೆ ಕಳುಹಿಸುವವರ ಹೆಸರುಗಳನ್ನು ದೇಶವೆಲ್ಲ ಕೇಳುತ್ತಿತ್ತು. ಝುಮ್ರಿ ತಲೈಯ್ಯಾ ಎಂಬ ಅಭ್ರಕದ ಗಣಿಯೂರು ಪ್ರಸಿದ್ಧವಾದದ್ದೇ ಕೋರಿಕೆಗಳಿಂದ. ಕನ್ನಡದ ವಾರಪತ್ರಿಕೆಗಳಲ್ಲಿ ಪತ್ರಮಿತ್ರ ವಿಭಾಗಗಳಿದ್ದವು. ಪ್ರತಿ ವಾರ ರೇಡಿಯೋದಲ್ಲಿ ಕೇಳುತ್ತಿದ್ದ ಒಂದು ಹೆಸರು ಒಂದು ವಾರ ಬಾರದೇ ಹೋದಾಗ ಯಾವುದೋ ಊರಿನ ಯಾವುದೋ ಮನೆಯಲ್ಲಿ ಯಾರಿಗೋ ಕಸಿವಿಸಿಯಾಗಿದ್ದಿರಬೇಕು. ಅದನ್ನು ಹೇಳಿಕೊಳ್ಳಲು ಅವರಿಗೆ ವಿಳಾಸವೂ ಇರಲಿಲ್ಲ.

ಈಗ ಎದುರಿನ ವಾದಕ್ಕೆ ಬರುತ್ತೇನೆ. ಅದು ಸುಲಭದ್ದಲ್ಲ. ಅಂತರ್ಜಾಲದಲ್ಲಿ ಯಾರು ಏನು ಬೇಕಾದರೂ ಆಗಬಹುದು, ನೀವು ಅಳುತ್ತಿರುವುದು ಒಬ್ಬ ಕಲ್ಪಿತ ವ್ಯಕ್ತಿಗೆ ಎನ್ನುತ್ತದೆ ಆ ವಾದ. ಪುರಾವೆಯೂ ಇದೆ. 2001ರಲ್ಲಿ ಕೇಸಿ ನಿಕೋಲ್ ಎಂಬ ಹದಿಹರೆಯದ ಹುಡುಗಿ ರಕ್ತದ ಕ್ಯಾನ್ಸರಿನೊಡನೆ ಹೋರಾಡಿ ಸತ್ತಳೆಂಬ ಸುದ್ದಿ ಬಂತು. ಅವಳ ದಿನಚರಿಯನ್ನು ಓದುತ್ತಿದ್ದ, ಉಡುಗೊರೆ ಕಳುಹಿಸಿದ್ದ ಸಾವಿರಾರು ಜನ ಅತ್ತರು. ಕೆಲವರು ಅನುಮಾನಗೊಂಡು ಶೋಧಿಸಿದಾಗ ಅಂಥ ಹುಡುಗಿಯೇ ಇರಲಿಲ್ಲ ಎಂದಾಯಿತು. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಗೃಹಿಣಿಯೊಬ್ಬಳು ಅವಳನ್ನು ಸೃಷ್ಟಿಸಿದ್ದಳು. ಅಭಿಮಾನಿಗಳ ಲೋಕಕ್ಕೆ ಈ ರೋಗ ಅಂತರ್ಜಾಲದಿಂದ ಬಂದದ್ದೂ ಅಲ್ಲ. 1936ರಲ್ಲಿ ‘ಅಸ್ಟೌಂಡಿಂಗ್ ಸ್ಟೋರೀಸ್’ ಎಂಬ ವಿಜ್ಞಾನ ಕಥೆಗಳ ಪತ್ರಿಕೆಯ ವಾಚಕರ ವಾಣಿಯಲ್ಲಿ ಬಾಬ್ ಟಕರ್ ಎಂಬ ಅಭಿಮಾನಿ ಸತ್ತನೆಂದು ಪತ್ರವೊಂದು ಅಚ್ಚಾಯಿತು. ಅದು ತಮಾಷೆ. ಟಕರ್ ನಿಜಕ್ಕೂ ಸತ್ತದ್ದು 2006ರಲ್ಲಿ.

ಈ ವಾದಕ್ಕೆ ಉತ್ತರ ಕೊಡಬೇಕಾದರೆ ಕೇಳಬೇಕಾದ ಪ್ರಶ್ನೆ ಒಂದಿದೆ: ಮುಖ ಕಾಣದ ಗೆಳೆಯನ ಬಗ್ಗೆ ನಮಗೆ ಯಾವುದು ತಪ್ಪಾಗಿ ಗೊತ್ತಿರುತ್ತದೆ, ಯಾವುದು ಸರಿಯಾಗಿ?

ಅದೇ ವಿಜ್ಞಾನ ಕಥೆಗಳ ಅಭಿಮಾನಿಗಳು 1930ರ ದಶಕದಿಂದಲೂ ಕೈಯಲ್ಲಿ ಅಚ್ಚು ಹಾಕಿದ ಸಣ್ಣ ಪತ್ರಿಕೆಗಳನ್ನು ಅಂಚೆಯಲ್ಲಿ ಹಂಚಿಕೊಳ್ಳುತ್ತಿದ್ದರು. 1950ರಲ್ಲಿ ಲೀ ಹಾಫ್‌ಮನ್ ಎಂಬ ಹೆಸರಿನಲ್ಲಿ ‘ಕ್ವಾಂಡ್ರಿ’ ಶುರುವಾಯಿತು. ಅದರ ನಗು, ಚುರುಕು ಎಲ್ಲರಿಗೂ ಹಿಡಿಸಿತು. ಲೀ ಗಂಡಸೆಂದೇ ಹೆಚ್ಚಿನವರು ತಿಳಿದಿದ್ದರು. 1951ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ವಿಶ್ವ ಸಮ್ಮೇಳನಕ್ಕೆ ಬಂದದ್ದು ಹತ್ತೊಂಬತ್ತು ವರ್ಷದ ಹುಡುಗಿ. ಎಲ್ಲರೂ ಬೆಪ್ಪಾದರು. ಆದರೆ ಅವರಿಗೆ ತಪ್ಪಿದ್ದು ಏನು? ಸರ್ವನಾಮ. ಪತ್ರಿಕೆಯಲ್ಲಿ ಕಂಡ ಹಾಸ್ಯಪ್ರಜ್ಞೆ, ಓದಿನ ಹದ, ಯಾರನ್ನು ಎಷ್ಟು ಕೆಣಕಬೇಕೆಂಬ ಅಂದಾಜು ಎಲ್ಲವೂ ಅವಳದೇ ಆಗಿದ್ದವು. ಬೆಲ್‌ಫಾಸ್ಟ್‌ನ ವಾಲ್ಟ್ ವಿಲಿಸ್‌ನ ಬರಹಕ್ಕೆ ಮನಸೋತ ಅಮೆರಿಕದ ಅಭಿಮಾನಿಗಳು ಚಂದಾ ಎತ್ತಿ ಅವನನ್ನು 1952ರಲ್ಲಿ ಷಿಕಾಗೋ ಸಮ್ಮೇಳನಕ್ಕೆ ಕರೆಸಿಕೊಂಡರು. ಹೀಗೆ ಕಾಗದದಲ್ಲಷ್ಟೇ ಬಲ್ಲವರನ್ನು ಸಾಗರದಾಚೆಗೆ ಕರೆಸಲೆಂದೇ ಮರುವರ್ಷದಿಂದ ಒಂದು ನಿಧಿಯೂ ಹುಟ್ಟಿತು. ಅದು ಇಂದಿಗೂ ನಡೆಯುತ್ತಿದೆ.

ಇನ್ನೂ ತೀಕ್ಷ್ಣ ಉದಾಹರಣೆ ಜೇಮ್ಸ್ ಟಿಪ್‌ಟ್ರೀ ಜೂನಿಯರ್. 1968ರಿಂದ ಈ ಹೆಸರಿನ ಕಥೆಗಳು ಬಂದವು. ಸಂಪಾದಕರು, ಅಭಿಮಾನಿಗಳು, ಅರ್ಸುಲಾ ಲೆ ಗ್ವಿನ್‌ರಂಥ ಲೇಖಕಿಯರು ಎಲ್ಲರೂ ಟಿಪ್‌ಟ್ರೀಯೊಡನೆ ಪತ್ರವ್ಯವಹಾರದಲ್ಲಿದ್ದರು. ಕಂಡವರು ಯಾರೂ ಇಲ್ಲ, ಇದ್ದದ್ದು ವರ್ಜೀನಿಯಾದ ಒಂದು ಅಂಚೆಪೆಟ್ಟಿಗೆ ಸಂಖ್ಯೆ. ಆ ಬರಹ ಗಂಡಸಿನದೇ ಎಂದು ಲೇಖಕ ರಾಬರ್ಟ್ ಸಿಲ್ವರ್‌ಬರ್ಗ್ ಧೈರ್ಯವಾಗಿ ಬರೆದೂಬಿಟ್ಟರು. 1976ರಲ್ಲಿ ಟಿಪ್‌ಟ್ರೀ, ಆಫ್ರಿಕಾ ಸುತ್ತಿದ್ದ ತಮ್ಮ ತಾಯಿ ಷಿಕಾಗೋದಲ್ಲಿ ತೀರಿಕೊಂಡರೆಂದು ಗೆಳೆಯರಿಗೆ ಕಾಗದ ಬರೆದರು. ಯಾರೋ ಷಿಕಾಗೋ ಪತ್ರಿಕೆಗಳ ನಿಧನವಾರ್ತೆ ತೆಗೆದು ನೋಡಿದರು. ಮೇರಿ ಹೇಸ್ಟಿಂಗ್ಸ್ ಬ್ರ್ಯಾಡ್ಲಿ ಎಂಬ ಲೇಖಕಿ. ಒಬ್ಬಳೇ ಮಗಳು, ಆಲಿಸ್ ಶೆಲ್ಡನ್. ಗುಟ್ಟು ಹೊರಬಿತ್ತು. ಗಮನಿಸಬೇಕಾದ್ದು, ಆಲಿಸ್ ತನ್ನ ಬಗ್ಗೆ ಪತ್ರಗಳಲ್ಲಿ ಬರೆದದ್ದೆಲ್ಲ ಹೆಚ್ಚುಕಡಿಮೆ ನಿಜವೇ ಆಗಿತ್ತು: ಆಫ್ರಿಕಾದ ಬಾಲ್ಯ, ಗೂಢಚರ್ಯೆ ಇಲಾಖೆಯ ಕೆಲಸ, ಮನಶ್ಶಾಸ್ತ್ರದ ಅಧ್ಯಯನ. ತಾಯಿಯ ಸಾವಿನ ದುಃಖವೂ ನಿಜ. ಆ ದುಃಖವನ್ನು ಮುಖ ಕಾಣದ ಗೆಳೆಯರಲ್ಲಿ ಹೇಳಿಕೊಳ್ಳದೆ ಇರಲಾರದೆ ಹೋದದ್ದೇ ಗುಟ್ಟು ಬಯಲಾಗಲು ಕಾರಣ. ಲೆ ಗ್ವಿನ್ ಗೆಳೆತನ ಬಿಡಲಿಲ್ಲ.

ಕೇಸಿ ನಿಕೋಲ್‌ಗೂ ಟಿಪ್‌ಟ್ರೀಗೂ ಇರುವ ಅಂತರ ಇಲ್ಲಿದೆ. ಮೊದಲನೆಯದರಲ್ಲಿ ಕಟ್ಟುಕಥೆಯಾಗಿದ್ದದ್ದು ಗೆಳೆತನಕ್ಕೆ ಆಧಾರವಾದ ಸಂಗತಿಯೇ, ಅಂದರೆ ಅವಳ ಯಾತನೆ. ಎರಡನೆಯದರಲ್ಲಿ ಗೆಳೆತನ ನಿಂತಿದ್ದದ್ದು ಬರಹ, ಅಭಿರುಚಿ, ಮಾತಿನ ವರಸೆಯ ಮೇಲೆ. ಅವನ್ನು ಹತ್ತು ವರ್ಷ ನಟಿಸುವುದು ಯಾರಿಂದಲೂ ಆಗದು. ಸಿ.ಎಸ್. ಲೂಯಿಸ್ 1960ರ ‘ದಿ ಫೋರ್ ಲವ್ಸ್’ನಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು ನೋಡುತ್ತಾರೆ, ಗೆಳೆಯರು ಅಕ್ಕಪಕ್ಕ ನಿಂತು ಇನ್ನೊಂದೇನನ್ನೋ ನೋಡುತ್ತಾರೆ ಎಂಬರ್ಥದ ಮಾತು ಹೇಳುತ್ತಾರೆ. ಅಭಿಮಾನಿಗಳ ಗೆಳೆತನ ಇದರ ಶುದ್ಧ ರೂಪ. ಅಲ್ಲಿ ನಮಗೆ ಪಕ್ಕದವನ ಮುಖ ಕಾಣುವುದಿಲ್ಲ, ಅವನು ಏನನ್ನು ಹೇಗೆ ನೋಡುತ್ತಾನೆ ಎಂಬುದು ಕಾಣುತ್ತದೆ. ಗಂಡ ಹೆಂಡತಿಯರಿಗೂ ಪರಸ್ಪರ ಇದು ಎಷ್ಟೋ ಸಲ ಕಂಡಿರುವುದಿಲ್ಲ.

ಹಳೆಯ ಕನ್ನಡ ಚಿತ್ರಗೀತೆಗಳ ಗುಂಪೊಂದರಲ್ಲಿ ನನಗೆ ಅಂಥ ಒಬ್ಬ ಹಿರಿಯರಿದ್ದರು. ಅವರ ಮನೆ ಎಲ್ಲಿ, ಯಾವ ಕೆಲಸದಿಂದ ನಿವೃತ್ತರಾದರು, ಮಕ್ಕಳೆಷ್ಟು, ಒಂದೂ ನನಗೆ ಗೊತ್ತಿರಲಿಲ್ಲ. ಜಾತಿಯಂತೂ ಗೊತ್ತಿರಲೇ ಇಲ್ಲ. ನಮ್ಮಲ್ಲಿ ಎದುರು ಸಿಕ್ಕವರ ಊರು, ಮನೆತನ ಕೇಳದೆ ಮಾತು ಮುಂದೆ ಸಾಗುವುದು ಎಷ್ಟು ಅಪರೂಪ ಎಂಬುದನ್ನು ನೆನೆದರೆ ಇದೊಂದು ಸಣ್ಣ ಸಂಗತಿಯೇನಲ್ಲ. ಗೊತ್ತಿದ್ದದ್ದು ಬೇರೆ. ರಾಜ್‌ಕುಮಾರ್ ಹಿನ್ನೆಲೆ ಗಾಯಕರಾದದ್ದು ‘ಸಂಪತ್ತಿಗೆ ಸವಾಲ್’ನಲ್ಲಿ, 1974ರಲ್ಲಿ ಎಂದು ಯಾರಾದರೂ ಹಾಕಿದರೆ ಅವರ ಉತ್ತರ ಒಂದೇ ಅಂಕಿ: 1959. ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಹಾಡಿದ್ದು ಆಗಲೇ ಎಂಬುದನ್ನು ಕೇಳಿದವನೇ ಹುಡುಕಿಕೊಳ್ಳಬೇಕು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಮಾತ್ರ ಹಿಡಿಯುತ್ತಿದ್ದ ಕಾಲದಲ್ಲಿ ಚಿತ್ರದ ಹಾಡಿಗೂ ತಟ್ಟೆಯ ಹಾಡಿಗೂ ಒಂದು ಚರಣದ ವ್ಯತ್ಯಾಸ ಇರುತ್ತಿತ್ತಲ್ಲ, ಯಾವುದರಲ್ಲಿ ಯಾವ ಚರಣ ಬಿಟ್ಟಿದೆ ಎಂಬುದು ಅವರ ನಾಲಗೆಯ ತುದಿಯಲ್ಲಿ ಇರುತ್ತಿತ್ತು. ಹಳೆಯ ಧ್ವನಿಮುದ್ರಣಕ್ಕೆ ಹೊಸ ತಬಲಾ ಸೇರಿಸಿ ಬಿಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ಬಗ್ಗೆ ಒಂದು ಕೆಟ್ಟ ಮಾತು ಆಡಿದರೆ ಎರಡು ದಿನ ಮೌನ. ಶುಭೋದಯದ ಹೂವಿನ ಚಿತ್ರ ಹಾಕಿದವರನ್ನು ಅಡ್ಮಿನ್ನಿಗಿಂತ ಮೊದಲು ಗದರುತ್ತಿದ್ದವರು ಅವರೇ.

ಅವರು ಹೋದ ಸುದ್ದಿ ಅವರದೇ ನಂಬರಿನಿಂದ ಬಂತು. ಇದು ಈಗ ಎಲ್ಲ ಗುಂಪುಗಳಲ್ಲೂ ನಡೆಯುವ ರೀತಿ. ಸತ್ತವರ ಹೆಸರು, ಸತ್ತವರ ಡಿಪಿ, ಕೆಳಗೆ ‘ಅಪ್ಪ ಬೆಳಿಗ್ಗೆ ತೀರಿಕೊಂಡರು’ ಎಂದು ಮಗಳು ಬರೆದ ಒಂದು ಸಾಲು. ಆಮೇಲೆ ಓಂ ಶಾಂತಿಗಳ ಮಳೆ. ಕೈ ಮುಗಿದ ಚಿಹ್ನೆಗಳ ನಡುವೆ ಕೆಲವರು ದೀರ್ಘವಾಗಿ ಬರೆದರು: ಆದರ್ಶ ತಂದೆ, ಸ್ನೇಹಜೀವಿ, ಸರಳ ಸಜ್ಜನ.

ನನ್ನ ತಕರಾರು ಇರುವುದು ಇಲ್ಲಿ. ಆದರ್ಶ ತಂದೆಯೋ ಅಲ್ಲವೋ ನಮಗೇನು ಗೊತ್ತು? ಆ ಮನೆಯ ಮಗಳಿಗೆ ಗೊತ್ತು, ಅವಳು ಅದನ್ನು ಹೇಳಿರಲಿಲ್ಲ. ಸ್ನೇಹಜೀವಿ ಎಂಬುದಂತೂ ಹಸಿ ಸುಳ್ಳು. ಅವರೊಡನೆ ಜಗಳವಾಡದವರು ಗುಂಪಿನಲ್ಲಿ ಇರಲೇ ಇಲ್ಲ. ಪರಿಚಯವಿಲ್ಲದ ಪಾಲನ್ನು ಸಿದ್ಧ ಮಾತುಗಳಿಂದ ತುಂಬುವ ಈ ಅಭ್ಯಾಸ ಶೋಕವನ್ನು ಅಪಹಾಸ್ಯಕ್ಕೆ ಒಡ್ಡುತ್ತದೆ. ನೋಡಿಯೇ ಇಲ್ಲವಲ್ಲ ಎಂದು ಮೂದಲಿಸುವವರ ಕೈಗೆ ಕೋಲು ಕೊಡುವುದೂ ಇದೇ. ನಾವು ಬಲ್ಲ ಮನುಷ್ಯ 1959 ಎಂದು ಬರೆದು ಸುಮ್ಮನಾಗುತ್ತಿದ್ದವರು. ಅದನ್ನೇ ಹೇಳಿದರೆ ಅದು ಕಡಿಮೆಯಲ್ಲ. ಅವರಂತೆ ಹಾಗೆ ಸುಮ್ಮನಾಗುತ್ತಿದ್ದವರು ಇನ್ನೊಬ್ಬರಿಲ್ಲ. ಬೇರೆ ಯಾರಿಗೂ ಒಪ್ಪದ ಮಾತು ಯಾವುದೋ ಅದೇ ಸರಿಯಾದ ಶ್ರದ್ಧಾಂಜಲಿ. ಯಾರಿಗೆ ಬೇಕಾದರೂ ಒಪ್ಪುವ ಮಾತನ್ನು ಹೇಳಿದರೆ ಯಾರ ಹೆಸರನ್ನೂ ಹೇಳಿದಂತಾಗಲಿಲ್ಲ.

ಅಂಥ ಶ್ರದ್ಧಾಂಜಲಿಯೊಂದು ನೆನಪಾಗುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ನಡೆದ ದಾಳಿಯಲ್ಲಿ ರಾಯಭಾರಿ ಕ್ರಿಸ್ ಸ್ಟೀವನ್ಸ್ ಜೊತೆಗೆ ಷಾನ್ ಸ್ಮಿತ್ ಎಂಬ ಅಧಿಕಾರಿಯೂ ಸತ್ತರು. ಸರ್ಕಾರ ಅವರನ್ನು ವಿದೇಶಾಂಗ ಇಲಾಖೆಯ ಸಿಬ್ಬಂದಿಯೆಂದು ಸ್ಮರಿಸಿತು. ‘ಈವ್ ಆನ್‌ಲೈನ್’ ಎಂಬ ಬಾಹ್ಯಾಕಾಶದ ಆಟ ಆಡುವವರಿಗೆ ಅವರು ವೈಲ್ ರ‍್ಯಾಟ್, ಆಟದೊಳಗಿನ ಬಣಗಳ ನಡುವೆ ಸಂಧಾನ ನಡೆಸುತ್ತಿದ್ದ ಚತುರ. ಆಟಗಾರರು ತಾವು ಹಿಡಿದಿದ್ದ ನಿಲ್ದಾಣಗಳಿಗೆ ಅವರ ಹೆಸರಿಟ್ಟರು. ಎದುರು ಬಣದವರೂ ಇಟ್ಟರು. ಹೊರಗೆ, ಕುಟುಂಬಕ್ಕೆ ಹಣ ಕೂಡಿಸಿದರು. ಈ ಶ್ರದ್ಧಾಂಜಲಿ ನನಗೆ ಸರಿಯಾದ ಅಳತೆಯದೆಂದು ತೋರುತ್ತದೆ. ತಾವು ಬಲ್ಲ ಸಂಧಾನಕಾರನನ್ನು ತಮ್ಮ ನಕ್ಷೆಯ ಮೇಲೆ ಬರೆದುಕೊಂಡರು. ತಾವು ಕಾಣದ ಗಂಡ, ತಂದೆಯ ಬಗ್ಗೆ ಭಾಷಣ ಮಾಡಲಿಲ್ಲ, ಹೆಂಡತಿ ಮಕ್ಕಳಿಗೆ ನೆರವಾದರು.

ಇನ್ನು ತಲುಪಿಸುವ ಋಣ. ನಮ್ಮ ಬಳಿಯ ಪಾಲನ್ನು ಮನೆಯವರಿಗೆ ಕೊಡಬೇಕೆಂದು ಸುಲಭವಾಗಿ ಹೇಳಬಹುದು, ಸ್ಟೀನ್ ಕುಟುಂಬದ ಕಥೆ ಕೇಳಿದ ಮೇಲಂತೂ. ಆದರೆ ಎಲ್ಲ ಗುಟ್ಟನ್ನೂ ಮನೆಗೆ ಒಯ್ಯುವ ಹಕ್ಕು ನಮಗಿಲ್ಲ. ಎಷ್ಟೋ ಜನ ಬೇರೆ ಹೆಸರಿನಲ್ಲಿ ಬರೆಯುವುದೇ ಮನೆಯವರ ಕಣ್ಣಿಗೆ ಬೀಳದಿರಲೆಂದು. ತಮ್ಮ ಪ್ರೀತಿಯ ಪಾತ್ರಗಳನ್ನು ಇಟ್ಟುಕೊಂಡು ಕಥೆ ಕಟ್ಟುವವರಲ್ಲಿ ಅಂಥವರು ಬಹಳ. ಅವರ ಕಥೆಗಳಿಗೆ 2009ರಲ್ಲಿ ಬಾಗಿಲು ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಭಂಡಾರ ಇದಕ್ಕೊಂದು ನಿಯಮ ಮಾಡಿಕೊಂಡಿದೆ. ತಾನು ಸತ್ತರೆ ತನ್ನ ಬರಹಗಳ ಉಸ್ತುವಾರಿ ಯಾರದು ಎಂದು ಸದಸ್ಯೆಯೊಬ್ಬಳು ಇನ್ನೊಬ್ಬ ಸದಸ್ಯೆಯನ್ನು ಮೊದಲೇ ಹೆಸರಿಸಿಡಬಹುದು. ರಕ್ತಸಂಬಂಧ ಕೇಳುವುದಿಲ್ಲ, ಇಬ್ಬರ ಒಪ್ಪಿಗೆ ಇದ್ದರೆ ಸಾಕು. ಅಭಿಮಾನದ ನೆಂಟಸ್ತಿಕೆಗೆ ಬರಹದಲ್ಲಿ ಸಿಕ್ಕ ವಾರಸುದಾರಿಕೆ ಎಂದರೆ ಇದೇ ಇರಬೇಕು. ಫೇಸ್‌ಬುಕ್ 2015ರಲ್ಲಿ ಖಾತೆಯ ಉತ್ತರಾಧಿಕಾರಿಯನ್ನು ಹೆಸರಿಸುವ ಅವಕಾಶ ಕೊಟ್ಟಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸತ್ತ ಮೇಲೆ ತನ್ನ ಹಕ್ಕು ಚಲಾಯಿಸಲು ಇನ್ನೊಬ್ಬ ವ್ಯಕ್ತಿಯನ್ನು ನಾಮನಿರ್ದೇಶನ ಮಾಡಬಹುದು ಎನ್ನುತ್ತದೆ. ಆ ವ್ಯಕ್ತಿ ನೆಂಟನೇ ಆಗಿರಬೇಕೆಂದು ಅಲ್ಲಿ ಹೇಳಿಲ್ಲ. ಕಾನೂನು ಇಲ್ಲಿ ಸೂತಕದ ಪಟ್ಟಿಗಿಂತ ಒಂದು ಹೆಜ್ಜೆ ಮುಂದಿದೆ. ಅದನ್ನು ಬಳಸಿಕೊಳ್ಳುವವರು ಬೇಕು.

ಹಾಗಾಗಿ ಮನೆಗೆ ಏನನ್ನು ತಲುಪಿಸಬೇಕು ಎಂಬುದಕ್ಕೆ ನನಗೆ ತೋಚುವ ಗೆರೆ ಇದು: ಸತ್ತವರು ತಮ್ಮ ನಿಜ ಹೆಸರಿನಲ್ಲಿ, ತೆರೆದ ಬಾಗಿಲಲ್ಲಿ ಮಾಡಿದ್ದನ್ನು ಕೊಡಬಹುದು. ಮುಸುಕು ಹಾಕಿ ಮಾಡಿದ್ದಾದರೆ ಅದನ್ನು ಕಾಯುವುದೇ ಗೆಳೆತನ. ಮ್ಯಾಟ್ಸ್ ಸ್ವತಃ ಕೊನೆಗಾಲದಲ್ಲಿ ತನ್ನ ಬ್ಲಾಗಿನಲ್ಲಿ ಎರಡೂ ಲೋಕಗಳನ್ನು ಜೋಡಿಸಿದ್ದ. ತಂದೆಗೆ ದಾರಿ ಸಿಕ್ಕಿದ್ದು ಅದರಿಂದ.

ಜಾಗಗಳೇ ಸಾಯುತ್ತವೆ ಎಂಬುದು ಇನ್ನೊಂದು ತೊಡಕು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ನಮ್ಮ ಪೀಳಿಗೆಯ ಎಷ್ಟೋ ಕನ್ನಡಿಗರು ಅಭಿಮಾನಿಗಳ ಕೂಟವೊಂದನ್ನು ಮೊದಲು ಸೇರಿದ್ದು ಅಲ್ಲಿ. ಯಾಹೂ ಗುಂಪುಗಳ ಹಳೆಯ ಸಂದೇಶಗಳನ್ನು 2019ರ ಕೊನೆಯಲ್ಲಿ ಅಳಿಸಲಾಯಿತು, ಮರುವರ್ಷ ಗುಂಪುಗಳೇ ಇಲ್ಲವಾದವು. ಮ್ಯಾಟ್ಸ್‌ನ ಮಾತುಗಳು ದಾಖಲೆಯಾಗಿ ಉಳಿಯದೇ ಹೋಗಿದ್ದರೆ ಅವನ ತಂದೆಗೆ ಸಿಗುತ್ತಿದ್ದದ್ದು ಆ ಪತ್ರಗಳು ಮಾತ್ರ. ವಾಟ್ಸ್ಆ್ಯಪ್ ಗುಂಪಿನ ಗತಿ ಇನ್ನೂ ಕೆಟ್ಟದ್ದು. ಒಬ್ಬರು ಬ್ಯಾಕಪ್ ಇಲ್ಲದೆ ಫೋನು ಬದಲಾಯಿಸಿದರೆ, ‘ಕ್ಲಿಯರ್ ಚಾಟ್’ ಒತ್ತಿದರೆ ಅವರ ಬಳಿಯಿದ್ದ ವರ್ಷಗಳ ಮಾತು ಅಲ್ಲಿಗೆ ಹೋಯಿತು. ನೆನಪು ಉಳಿಯಬೇಕಾದರೆ ಯಾರಾದರೂ ಕೂತು ಬರೆದಿಡಬೇಕು. ಬೇಸರದ, ಗುಮಾಸ್ತಿಕೆಯ ಕೆಲಸ ಅದು.

ನಮ್ಮ ಗುಂಪಿನಲ್ಲಿ ಅಂಥ ಗುಮಾಸ್ತಿಕೆಗೆ ಕೆಲವರು ಕೂತೆವು. ಆ ಹಿರಿಯರು ವರ್ಷಗಳಿಂದ ಮಾಡಿದ್ದ ತಿದ್ದುಪಡಿಗಳನ್ನೆಲ್ಲ ನಮ್ಮ ನಮ್ಮ ಫೋನುಗಳಿಂದ ಹೆಕ್ಕಿ, ಚಿತ್ರ ಬಿಡುಗಡೆಯಾದ ವರ್ಷದ ಕ್ರಮದಲ್ಲಿ ಜೋಡಿಸಿದೆವು. ಅವರು ನಿಜ ಹೆಸರಿನಲ್ಲೇ ಬರೆಯುತ್ತಿದ್ದುದರಿಂದ ಮಗಳಿಗೂ ಒಂದು ಪ್ರತಿ ಹೋಯಿತು. ಆಕೆ ಕೇಳಿದ್ದು ಮನೆಯಲ್ಲಿ ರಾಶಿ ಬಿದ್ದ ಕ್ಯಾಸೆಟ್ಟುಗಳನ್ನು ಏನು ಮಾಡಬೇಕೆಂದು. ಹತ್ತಿರದ ಊರಿನ ಸದಸ್ಯರೊಬ್ಬರು ಹೋಗಿ ತಂದರು. ಕ್ಯಾಸೆಟ್ಟಿನ ಒಳಚೀಟಿಗಳ ಮೇಲೆ ಅವರ ಕೈಬರಹದಲ್ಲಿ ಇನ್ನಷ್ಟು ತಿದ್ದುಪಡಿಗಳಿದ್ದವು, ಪಟ್ಟಿ ಉದ್ದವಾಯಿತು. ಅದರಲ್ಲಿ ಒಂದೆರಡರ ಬಗ್ಗೆ ಇನ್ನೂ ಜಗಳವಿದೆ. ಒಂದು ಹಾಡಿನ ವಿಷಯದಲ್ಲಿ, ಚರಣ ಬಿಟ್ಟಿರುವುದು ತಟ್ಟೆಯಲ್ಲಿ ಎಂದು ಅವರು ಬರೆದಿದ್ದಾರೆ. ಬಿಟ್ಟಿರುವುದು ಚಿತ್ರದಲ್ಲಿ ಎಂದು ನಾನು ಈಗಲೂ ಹೇಳುತ್ತೇನೆ, ಗುಂಪಿನ ಅರ್ಧ ಜನ ಅವರ ಪರವಾಗಿದ್ದಾರೆ.